ಅಮ್ಮನ ಊಟ, ಅಪ್ಪನ ಮಂಡಿ, ಮಗಳ ಮೀನು: ಮಾಲ್ಡೀವ್ಸ್‌ನಲ್ಲಿ ರೆಸಾರ್ಟ್ ಆರಿಸಿದ ಬಗೆ

ಮಾಲ್ಡೀವ್ಸ್‌ಗೆ ಹೋಗೋಣ ಅಂದಾಗ ಮನೆಯಲ್ಲಿ ಎಲ್ಲರೂ ಬೇಗ ಒಪ್ಪಿದರು. ಯಾವ ರೆಸಾರ್ಟ್ ಅನ್ನುವುದೇ ದೊಡ್ಡ ಕೆಲಸವಾಯಿತು. ನಾವು ಐದು ಜನ. ಅಮ್ಮ ಶುದ್ಧ ಸಸ್ಯಾಹಾರಿ, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅಪ್ಪನಿಗೆ ಮಂಡಿ ನೋವು. ನನ್ನ ಗಂಡನಿಗೆ ಮೀನು ಅಂದರೆ ಪ್ರಾಣ, ಸಂಜೆ ಒಂದು ಬಿಯರ್ ಬೇಕು. ಮಗಳಿಗೆ ಒಂಬತ್ತು ವರ್ಷ. ಅಪಾರ್ಟ್‌ಮೆಂಟಿನ ಈಜುಕೊಳದಲ್ಲಿ ಚೆನ್ನಾಗಿ ಈಜು ಕಲಿತಿದ್ದಾಳೆ, ಸಮುದ್ರದೊಳಗಿನ ಬಣ್ಣದ ಮೀನು ನೋಡಬೇಕು ಅಂತ ಅವಳ ಆಸೆ.

ನನಗೆ ಬೇಕಾಗಿದ್ದು ಒಂದೇ. ಅಲ್ಲಿ ಇರುವಷ್ಟು ದಿನ ಯಾರೂ ಬೆಲೆ ನೋಡಿ ‘ಬೇಡ ಬಿಡು’ ಅನ್ನಬಾರದು. ನಮ್ಮಪ್ಪ ಹೊರಗೆ ಹೋದರೆ ಮೆನುವಿನ ಬಲಗಡೆಯನ್ನೇ ಮೊದಲು ಓದುವವರು. ಡಾಲರ್ ಕಂಡರೆ ಮನಸ್ಸಿನಲ್ಲೇ ರೂಪಾಯಿಗೆ ಗುಣಿಸಿ, ‘ಕಾಫಿ ಬೇಡಮ್ಮ, ಈಗ ತಾನೇ ಕುಡಿದೆ’ ಅಂತಾರೆ. ಇಡೀ ಜೀವನ ಲೆಕ್ಕ ಹಾಕಿ ನಮ್ಮನ್ನು ಓದಿಸಿದವರು. ಅವರಿಗೆ ಒಂದು ವಾರವಾದರೂ ಲೆಕ್ಕ ಇಲ್ಲದ ದಿನಗಳನ್ನು ಕೊಡಬೇಕು ಅಂತ ನನಗೆ ಆಸೆ. ಹಾಗಾಗಿ ಊಟ, ತಿಂಡಿ, ಪಾನೀಯ ಎಲ್ಲವೂ ಮೊದಲೇ ಕಟ್ಟಿದ ಹಣದಲ್ಲಿ ಸೇರಿರುವ ಆಲ್ ಇನ್‌ಕ್ಲೂಸಿವ್ ರೆಸಾರ್ಟೇ ಬೇಕು ಅಂತ ತೀರ್ಮಾನಿಸಿದೆ.

ಮಾರಿಷಸ್ಸನ್ನೂ ನೋಡಿದೆ. ಅಲ್ಲಿಯೂ ಇಂಥ ರೆಸಾರ್ಟ್‌ಗಳು ಬೇಕಾದಷ್ಟಿವೆ. ಆದರೆ ಮಾರಿಷಸ್ ಜನ ತುಂಬಿರುವ ದೊಡ್ಡ ದ್ವೀಪ. ಹೊರಗೆ ಹೋದರೆ ಊರು ಇದೆ, ಮಾರ್ಕೆಟ್ ಇದೆ, ಗಂಗಾ ತಲಾವ್‌ನಂಥ ಕ್ಷೇತ್ರ ಇದೆ, ಬೀದಿಯಲ್ಲಿ ಬಿಸಿಬಿಸಿ ದಾಲ್‌ಪುರಿ ಸಿಗುತ್ತದೆ. ಅಂಥ ಕಡೆ ಮೂರು ಹೊತ್ತಿನ ಊಟಕ್ಕೂ ರೆಸಾರ್ಟಿಗೇ ಹಣ ಕಟ್ಟಿದರೆ ಊರು ಸುತ್ತಲು ಮನಸ್ಸು ಬರುವುದಿಲ್ಲ. ಮಾಲ್ಡೀವ್ಸ್ ಹಾಗಲ್ಲ. ಅಲ್ಲಿ ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್. 1972ರಲ್ಲಿ ಕುರುಂಬಾ ಎಂಬ ಮೊದಲ ರೆಸಾರ್ಟ್ ತೆರೆದಾಗಿನಿಂದ ಇದೇ ಪದ್ಧತಿ ಬೆಳೆದು ಬಂದಿದೆ. ದ್ವೀಪದಲ್ಲಿ ಬೇರೆ ಅಂಗಡಿ ಇಲ್ಲ, ಹೋಟೆಲ್ ಇಲ್ಲ. ಅಕ್ಕಿ, ತರಕಾರಿ, ಹಾಲು ಎಲ್ಲ ದೋಣಿಯಲ್ಲೇ ಬರಬೇಕು. ಕುಡಿಯುವ ನೀರನ್ನು ಹೆಚ್ಚಿನ ಕಡೆ ಸಮುದ್ರದ ನೀರಿನಿಂದಲೇ ಉಪ್ಪು ತೆಗೆದು ಮಾಡುತ್ತಾರೆ. ಹಾಗಾಗಿ ಬೆಲೆ ಜಾಸ್ತಿ, ಬೇರೆ ದಾರಿಯೂ ಇಲ್ಲ. ಎಲ್ಲ ಸೇರಿದ ಪ್ಲಾನ್‌ಗೆ ನಿಜವಾದ ಅರ್ಥ ಇರುವುದು ಇಂಥ ಜಾಗದಲ್ಲೇ ಅಂತ ನನ್ನ ಅಭಿಪ್ರಾಯ.

ಕಡಿಮೆ ಖರ್ಚಿನ ದಾರಿಯೂ ಇದೆ, ಅದನ್ನು ಹೇಳಲೇಬೇಕು. 2009ರ ನಂತರ ಜನವಸತಿ ಇರುವ ದ್ವೀಪಗಳಲ್ಲೂ ಗೆಸ್ಟ್‌ಹೌಸ್ ನಡೆಸಲು ಅನುಮತಿ ಸಿಕ್ಕಿದೆ. ಮಾಫುಶಿಯಂಥ ಕಡೆ ಇಬ್ಬರು ಗೆಳೆಯರು ಸುಲಭವಾಗಿ ಹೋಗಿ ಬರಬಹುದು. ಅಲ್ಲಿ ಮದ್ಯ ಸಿಗುವುದಿಲ್ಲ, ಈಜುಡುಪಿಗೆ ಬೇರೆಯೇ ಬೀಚ್ ಇರುತ್ತದೆ. ಅಪ್ಪ ಅಮ್ಮನ ಜೊತೆ ಹೋಗುವ ನಮಗೆ ರೆಸಾರ್ಟೇ ಸರಿ ಅನ್ನಿಸಿತು.

ಹುಡುಕಲು ಶುರು ಮಾಡಿದ ಮೇಲೆ ಗೊತ್ತಾದ ಮೊದಲ ವಿಷಯ, ‘ಆಲ್ ಇನ್‌ಕ್ಲೂಸಿವ್’ ಅನ್ನುವುದಕ್ಕೆ ಎಲ್ಲ ರೆಸಾರ್ಟಿಗೂ ಒಂದೇ ಅರ್ಥ ಇಲ್ಲ. ಒಂದು ಕಡೆ ಮೂರು ಹೊತ್ತಿನ ಬಫೆ, ಕೆಲವು ಬಗೆಯ ಮದ್ಯ, ತಂಪು ಪಾನೀಯ, ಅಷ್ಟೇ. ಇನ್ನೊಂದು ಕಡೆ ಕೋಣೆಯ ಮಿನಿಬಾರ್ ದಿನವೂ ತುಂಬಿಸುತ್ತಾರೆ, ನೀರಿನಲ್ಲಿ ಮುಖ ಮುಳುಗಿಸಿ ಮೀನು ನೋಡುವ ಸ್ನಾರ್ಕೆಲ್ ಸಾಮಾನು ಕೊಡುತ್ತಾರೆ, ಒಂದೆರಡು ದೋಣಿ ವಿಹಾರವೂ ಸೇರಿರುತ್ತದೆ. ಮತ್ತೊಂದು ಕಡೆ ಫೋಟೋದಲ್ಲಿ ಕಾಣುವ ಚೆಂದದ ರೆಸ್ಟೋರೆಂಟಿಗೆ ಇಡೀ ವಾಸ್ತವ್ಯದಲ್ಲಿ ಒಂದೇ ಸಲ ಹೋಗಬಹುದು. ಅದಕ್ಕೂ ಮುಂಚೆಯೇ ಟೇಬಲ್ ಕಾದಿರಿಸಬೇಕು. ಪ್ರೀಮಿಯಂ, ಪ್ಲಾಟಿನಂ, ಪ್ಲಸ್ ಅಂತ ಹೆಸರುಗಳು ಬೇರೆ. ಆ ಹೆಸರುಗಳಿಂದ ಏನೂ ತಿಳಿಯುವುದಿಲ್ಲ. ಪ್ರತಿ ರೆಸಾರ್ಟಿಗೂ ಪ್ಲಾನ್‌ನ ಪೂರ್ತಿ ಪಟ್ಟಿ ಇರುತ್ತದೆ. ಅದನ್ನು ಕೇಳಿ ತರಿಸಿಕೊಂಡು ಓದಬೇಕು.

ಆ ಪಟ್ಟಿಗಳನ್ನು ಓದಲು ನಾನು ಒಂದು ಉಪಾಯ ಮಾಡಿದೆ. ನಮ್ಮ ಮನೆಯ ಒಂದು ದಿನವನ್ನು ಕಾಗದದ ಮೇಲೆ ಬರೆದೆ. ಬೆಳಿಗ್ಗೆ ಆರಕ್ಕೆ ಅಪ್ಪನಿಗೆ ಕಾಫಿ. ಹನ್ನೊಂದಕ್ಕೆ ಅಮ್ಮನಿಗೆ ಮಜ್ಜಿಗೆ ಅಥವಾ ಎಳನೀರು. ಮಧ್ಯಾಹ್ನ ಮಗಳಿಗೆ ಐಸ್‌ಕ್ರೀಮ್. ನಾಲ್ಕಕ್ಕೆ ಮತ್ತೆ ಕಾಫಿ, ಜೊತೆಗೆ ಏನಾದರೂ ಕುರುಕಲು. ಸಂಜೆ ಗಂಡನಿಗೆ ಬಿಯರ್. ರಾತ್ರಿ ಮಲಗುವ ಮುಂಚೆ ಅಪ್ಪನಿಗೆ ಬಿಸಿ ಹಾಲು. ಪ್ರತಿ ಪಟ್ಟಿಯ ಪಕ್ಕದಲ್ಲಿ ಈ ಕಾಗದ ಇಟ್ಟು ನೋಡಿದೆ. ಎಷ್ಟೋ ವಿಷಯ ಆಗಲೇ ಬಯಲಾಯಿತು. ಒಂದು ಕಡೆ ತಾಜಾ ಹಣ್ಣಿನ ರಸ ಸೇರಿಲ್ಲ, ಡಬ್ಬಿಯ ಜ್ಯೂಸ್ ಮಾತ್ರ. ಇನ್ನೊಂದು ಕಡೆ ಬಾರ್ ತೆರೆಯುವುದೇ ಹತ್ತು ಗಂಟೆಗೆ, ಅದಕ್ಕಿಂತ ಮುಂಚೆ ಕಾಫಿ ಬೇಕಾದರೆ ಕೋಣೆಯಲ್ಲೇ ಪುಡಿ ಕಲಸಿಕೊಳ್ಳಬೇಕು. ಎಳನೀರು ಬಹಳ ಕಡೆ ಪ್ಲಾನ್‌ನಿಂದ ಹೊರಗೆ. ತೆಂಗಿನಮರಗಳ ನಡುವೆ ಕೂತು ಎಳನೀರಿಗೆ ಬೇರೆ ಹಣ ಕೊಡಬೇಕು ಅಂದಿದ್ದರೆ ಅಮ್ಮ ಖಂಡಿತ ಕುಡಿಯುತ್ತಿರಲಿಲ್ಲ.

ಕುಡಿಯದವರೂ ಕುಡಿಯುವವರಷ್ಟೇ ಹಣ ಯಾಕೆ ಕಟ್ಟಬೇಕು ಅನ್ನುವುದು ನನ್ನ ಮುಂದಿದ್ದ ಇನ್ನೊಂದು ಪ್ರಶ್ನೆ. ಈ ಪ್ಲಾನ್‌ಗಳ ಬೆಲೆಯಲ್ಲಿ ಮದ್ಯದ ಪಾಲು ಸಾಕಷ್ಟಿರುತ್ತದೆ. ನಮ್ಮಲ್ಲಿ ಕುಡಿಯುವವರು ಒಬ್ಬರೇ. ಆಯ್ಕೆಗೆ ಉಳಿದಿದ್ದ ರೆಸಾರ್ಟ್‌ಗಳಿಗೆಲ್ಲ ನೇರವಾಗಿ ಮೇಲ್ ಬರೆದು ಕೇಳಿದೆ. ಎಲ್ಲರ ಉತ್ತರವೂ ಹೆಚ್ಚುಕಡಿಮೆ ಒಂದೇ: ಒಂದು ವಿಲ್ಲಾದಲ್ಲಿ ಇರುವವರೆಲ್ಲ ಒಂದೇ ಪ್ಲಾನ್ ತೆಗೆದುಕೊಳ್ಳಬೇಕು, ಬೇರೆ ಬೇರೆ ವಿಲ್ಲಾ ಆದರೆ ಬೇರೆ ಬೇರೆ ಪ್ಲಾನ್ ಆಗಬಹುದು. ಒಬ್ಬರು ಮಾತ್ರ, ಮದ್ಯ ಬಿಟ್ಟು ಉಳಿದೆಲ್ಲ ಸೇರಿದ ಪ್ಲಾನೂ ಕೊಡುತ್ತೇವೆ, ಅದಕ್ಕೆ ‘ಸಾಫ್ಟ್ ಆಲ್ ಇನ್‌ಕ್ಲೂಸಿವ್’ ಅನ್ನುತ್ತೇವೆ ಅಂತ ಬರೆದರು. ಅವರ ವೆಬ್‌ಸೈಟಿನಲ್ಲಿ ಅದು ಕಣ್ಣಿಗೆ ಬೀಳುವ ಹಾಗೆ ಎಲ್ಲೂ ಇರಲಿಲ್ಲ. ಅಪ್ಪ ಅಮ್ಮನ ವಿಲ್ಲಾಕ್ಕೆ ಇದೇ ಸಾಕಲ್ವಾ? ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಇದು ಹೊಂದುತ್ತದೆ. ಕೇಳಿದವರಿಗೆ ಸಿಗುತ್ತದೆ, ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಇನ್ನು ಬೆಲೆ. ಡಾಲರ್ ಬೆಲೆಯ ಪಕ್ಕದಲ್ಲಿ ಎರಡು ಕೂಡಿಸುವ ಚಿಹ್ನೆ ಕಂಡರೆ ಅಲ್ಲೇ ನಿಲ್ಲಿ. ಟ್ರಾವೆಲ್ ಏಜೆಂಟರು ಅದನ್ನು ‘ಪ್ಲಸ್ ಪ್ಲಸ್’ ಅನ್ನುತ್ತಾರೆ. ಆ ಬೆಲೆಯ ಮೇಲೆ ಸೇವಾ ಶುಲ್ಕ ಮತ್ತು ತೆರಿಗೆ ಬೇರೆ ಬೀಳುತ್ತದೆ ಅಂತ ಅರ್ಥ. ಸೇವಾ ಶುಲ್ಕ ಶೇಕಡಾ 10. ಪ್ರವಾಸೋದ್ಯಮದ ಮೇಲಿನ ತೆರಿಗೆಯಾದ ಟಿಜಿಎಸ್‌ಟಿ 2025ರ ಜುಲೈನಿಂದ ಶೇಕಡಾ 17 ಆಗಿದೆ. ಎರಡೂ ಸೇರಿ ಶೇಕಡಾ 27 ಅಲ್ಲ, ಯಾಕೆಂದರೆ ತೆರಿಗೆ ಸೇವಾ ಶುಲ್ಕದ ಮೇಲೂ ಬೀಳುತ್ತದೆ. 700 ಡಾಲರಿನ ವಿಲ್ಲಾ ಸೇವಾ ಶುಲ್ಕ ಸೇರಿದಾಗ 770, ತೆರಿಗೆಯೂ ಸೇರಿದಾಗ ಸುಮಾರು 901 ಡಾಲರ್ ಆಗುತ್ತದೆ. ಇದರ ಮೇಲೆ ಹಸಿರು ತೆರಿಗೆ. 2025ರ ಜನವರಿಯಿಂದ ರೆಸಾರ್ಟ್‌ಗಳಲ್ಲಿ ಅದು ಒಬ್ಬರಿಗೆ ದಿನಕ್ಕೆ 12 ಡಾಲರ್, ಅದಕ್ಕೂ ಮುಂಚೆ 6 ಇತ್ತು. ಎರಡು ವರ್ಷದೊಳಗಿನ ಕೂಸುಗಳಿಗೆ ಇಲ್ಲ. ಐದು ಜನಕ್ಕೆ ರಾತ್ರಿಗೆ 60 ಡಾಲರ್. ಆ ದುಡ್ಡು ಅಲ್ಲಿನ ಪರಿಸರದ ಕೆಲಸಕ್ಕೆಂದೇ ಸಂಗ್ರಹಿಸುವುದು, ಅದನ್ನು ಕೊಡಲು ನನಗೆ ಬೇಸರವಿಲ್ಲ. ಆದರೆ ಮೊದಲೇ ಗೊತ್ತಿರಬೇಕು.

ಒಬ್ಬ ಏಜೆಂಟರು ಕೊಟ್ಟ ಬೆಲೆ ಉಳಿದವರಿಗಿಂತ ಬಹಳ ಕಡಿಮೆ ಇತ್ತು. ಪೂರ್ತಿ ಓದಿದಾಗ ಅದರಲ್ಲಿ ವಿಮಾನ ನಿಲ್ದಾಣದಿಂದ ದ್ವೀಪಕ್ಕೆ ಹೋಗಿ ಬರುವ ಖರ್ಚೇ ಇರಲಿಲ್ಲ. ಇದು ಸಣ್ಣ ವಿಷಯ ಅಲ್ಲ. ದೂರದ ದ್ವೀಪಗಳಿಗೆ ಹೆಚ್ಚಾಗಿ ನೀರಿನ ಮೇಲೆ ಇಳಿಯುವ ಸೀಪ್ಲೇನ್‌ನಲ್ಲೇ ಹೋಗಬೇಕು. ಹೋಗಿ ಬರಲು ಒಬ್ಬರಿಗೆ ನಮಗೆ ಬಂದ ಬೆಲೆ 400 ಡಾಲರಿನಿಂದ ಶುರುವಾಗಿ 600ರ ಹತ್ತಿರದವರೆಗೂ ಇತ್ತು. ಐದು ಜನಕ್ಕೆ ಗುಣಿಸಿ ನೋಡಿ. ಕೊನೆಗೆ ನಾನು ಎಲ್ಲರಿಗೂ ಒಂದೇ ಮಾತು ಬರೆದೆ: ‘ಎಲ್ಲ ತೆರಿಗೆ, ಸೇವಾ ಶುಲ್ಕ, ಹಸಿರು ತೆರಿಗೆ, ಓಡಾಟ ಸೇರಿ ಐದು ಜನಕ್ಕೆ ಒಟ್ಟು ಎಷ್ಟು, ಒಂದೇ ಅಂಕಿ ಕೊಡಿ.’ ಆ ಅಂಕಿ ಬಂದ ಮೇಲೆ ಅಗ್ಗ ಅನ್ನಿಸಿದ್ದು ದುಬಾರಿಯಾಯಿತು, ದುಬಾರಿ ಅನ್ನಿಸಿದ್ದು ಕೈಗೆಟುಕಿತು.

ಸೀಪ್ಲೇನ್ ಬಗ್ಗೆ ಮಗಳಿಗೆ ಬಹಳ ಆಸೆ ಇತ್ತು. ನಾನೂ ವಿಡಿಯೋಗಳನ್ನು ನೋಡಿದೆ, ಮೇಲಿನಿಂದ ಕಾಣುವ ನೋಟ ನಿಜಕ್ಕೂ ಅದ್ಭುತ. ಆದರೆ ಅದು ಟ್ವಿನ್ ಆಟರ್ ಎಂಬ ಸಣ್ಣ ವಿಮಾನ. ಕಿರಿದಾದ ಮೆಟ್ಟಿಲು ಹತ್ತಿ, ಬಗ್ಗಿ ಒಳಗೆ ಹೋಗಬೇಕು. ಕೆಲವು ದ್ವೀಪಗಳಲ್ಲಿ ನೀರಿನ ಮೇಲೆ ತೇಲುವ ಹಲಗೆಯ ಮೇಲೆ ಇಳಿದು ಅಲ್ಲಿಂದ ಮತ್ತೆ ದೋಣಿ. ಅಪ್ಪನ ಮಂಡಿಗೆ ಇದು ಆಗದ ಮಾತು. ಇನ್ನೊಂದು ವಿಷಯ, ಸೀಪ್ಲೇನ್ ಹಗಲಿನಲ್ಲಿ ಮಾತ್ರ ಹಾರುತ್ತದೆ. ನಮ್ಮ ವಿಮಾನ ಮಧ್ಯಾಹ್ನ ತಡವಾಗಿ ಇಳಿದರೆ ಮೊದಲ ರಾತ್ರಿ ರಾಜಧಾನಿ ಮಾಲೆಯಲ್ಲೋ ಪಕ್ಕದ ಹುಳುಮಾಲೆಯಲ್ಲೋ ಹೋಟೆಲ್ ಹಿಡಿಯಬೇಕು. ರೆಸಾರ್ಟಿಗೆ ಕಟ್ಟಿದ ಒಂದು ರಾತ್ರಿ ಸುಮ್ನೆ ಹೋಗುತ್ತದೆ. ಹಾಗಾಗಿ ಸ್ಪೀಡ್‌ಬೋಟಿನಲ್ಲಿ ಒಂದು ಗಂಟೆಯೊಳಗೆ ತಲುಪುವ ಉತ್ತರ ಮಾಲೆ ಮತ್ತು ದಕ್ಷಿಣ ಮಾಲೆ ಹವಳದ್ವೀಪ ಸಮೂಹಗಳಷ್ಟೇ ನಮ್ಮ ಪಟ್ಟಿಯಲ್ಲಿ ಉಳಿದವು. ‘ಬಾ’ ಎಂಬ ಹವಳದ್ವೀಪ ಸಮೂಹ ಕೈಬಿಟ್ಟಿದ್ದಕ್ಕೆ ಮಾತ್ರ ಮನಸ್ಸಿಗೆ ಸ್ವಲ್ಪ ನೋವಾಯಿತು. 2011ರಲ್ಲಿ ಯುನೆಸ್ಕೋ ಅದನ್ನು ಜೀವಗೋಲ ಮೀಸಲು ಪ್ರದೇಶ ಅಂತ ಗುರುತಿಸಿತು. ಅಲ್ಲಿನ ಹನಿಫಾರು ಕೊಲ್ಲಿಯಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಮಾಂಟಾ ರೇ ಮೀನುಗಳು ಗುಂಪುಗುಂಪಾಗಿ ಸೇರುತ್ತವೆ. ಮಗಳು ದೊಡ್ಡವಳಾದ ಮೇಲೆ ಒಮ್ಮೆ ಕರೆದುಕೊಂಡು ಹೋಗಬೇಕು.

ಈಗ ನನಗೆ ಬಹಳ ಮುಖ್ಯ ಅನ್ನಿಸುವ ಮಾತು. ರೆಸಾರ್ಟಿಗಿಂತ ಮೊದಲು ದ್ವೀಪ ನೋಡಿ. ಕೋಣೆಯ ಫೋಟೋಗಳೆಲ್ಲ ಕೊನೆಗೆ ಒಂದೇ ಥರ ಕಾಣುತ್ತವೆ. ಬಿಳಿ ಹಾಸಿಗೆ, ಮರದ ನೆಲ, ನೀಲಿ ನೀರು. ದ್ವೀಪಗಳು ಮಾತ್ರ ಒಂದರ ಹಾಗೆ ಇನ್ನೊಂದಿಲ್ಲ. ಗೂಗಲ್ ಮ್ಯಾಪ್‌ನಲ್ಲಿ ಉಪಗ್ರಹದ ಚಿತ್ರ ತೆರೆದು, ದ್ವೀಪದ ಹೆಸರು ಹಾಕಿ ಹತ್ತಿರಕ್ಕೆ ಎಳೆದು ನೋಡಿ. ತಿಳಿ ಹಸಿರು-ನೀಲಿ ಬಣ್ಣ ಅಗಲವಾಗಿ ಹರಡಿದ್ದರೆ ಅದು ಆಳವಿಲ್ಲದ, ಮರಳು ತಳದ ಲಗೂನ್. ಮಕ್ಕಳು ಆಡಲು, ವಯಸ್ಸಾದವರು ಸೊಂಟದವರೆಗೆ ನೀರಿನಲ್ಲಿ ನಿಲ್ಲಲು ಹೇಳಿ ಮಾಡಿಸಿದ ಜಾಗ. ಆದರೆ ಅಲ್ಲಿ ಮೀನು ಕಡಿಮೆ. ಕಡು ನೀಲಿ ಶುರುವಾಗುವ ಅಂಚು ಇದೆಯಲ್ಲ, ಅಲ್ಲಿ ಹವಳದ ದಿಬ್ಬ ಮುಗಿದು ಆಳ ಶುರುವಾಗುತ್ತದೆ. ಮೀನುಗಳ ಸಂತೆ ಇರುವುದು ಆ ಅಂಚಿನಲ್ಲೇ. ಆ ಅಂಚು ದಡಕ್ಕೆ ಹತ್ತಿರ ಇದ್ದರೆ ದೋಣಿ ಇಲ್ಲದೆ ಈಜಿಕೊಂಡೇ ಹೋಗಿ ನೋಡಬಹುದು. ಅದನ್ನೇ ಹೌಸ್ ರೀಫ್ ಅನ್ನುತ್ತಾರೆ. ದೂರ ಇದ್ದರೆ ಪ್ರತಿ ಸಲವೂ ದೋಣಿ ವಿಹಾರಕ್ಕೆ ಹಣ ಕೊಡಬೇಕು. ಆಗ ಎಲ್ಲ ಸೇರಿದ ಪ್ಲಾನ್ ತೆಗೆದುಕೊಂಡೂ ದ್ವೀಪದ ಮುಖ್ಯ ಸಂತೋಷಕ್ಕೇ ಬೇರೆ ಬಿಲ್ ಬರುತ್ತದೆ.

ನಾನು ಹುಡುಕಿದ್ದು ಒಂದು ಕಡೆ ಅಗಲ ಲಗೂನ್, ಇನ್ನೊಂದು ಕಡೆ ಹತ್ತಿರದ ಹೌಸ್ ರೀಫ್ ಇರುವ ದ್ವೀಪ. ಅಂಥವು ಇವೆ, ಬಹಳ ಇಲ್ಲ. ಅದೇ ಚಿತ್ರದಲ್ಲಿ ಸುತ್ತಮುತ್ತ ಏನಿದೆ ಅಂತಲೂ ಕಾಣುತ್ತದೆ. ಮಾಲೆಯ ಪಶ್ಚಿಮಕ್ಕೆ ತಿಲಫುಶಿ ಇದೆ, ದೇಶದ ಕಸವನ್ನು ಸಾಗಿಸುವ ದ್ವೀಪ. ಆ ಕಡೆ ಮರಳು ತುಂಬಿ ಹೊಸ ನೆಲ ಮಾಡುವ ಕೆಲಸವೂ ನಡೆದಿದೆ. ಕಿಟಕಿಯ ಎದುರು ಅದು ಕಾಣುವ ಜಾಗಕ್ಕೆ ಇಷ್ಟು ಹಣ ಕೊಡಲು ನನಗೆ ಮನಸ್ಸಿರಲಿಲ್ಲ.

ಹವಳದ ಸ್ಥಿತಿಯನ್ನೂ ಕೇಳಿ. 1998ರಲ್ಲಿ, 2016ರಲ್ಲಿ, ಮತ್ತೆ 2024ರಲ್ಲಿ ಸಮುದ್ರ ಬಿಸಿಯಾಗಿ ಮಾಲ್ಡೀವ್ಸ್‌ನ ಹವಳ ಬಿಳಿಚಿಕೊಂಡಿತು. ಬಿಳಿಚಿದ ಹವಳ ಕೆಲವು ಕಡೆ ಚೇತರಿಸಿಕೊಳ್ಳುತ್ತದೆ, ಕೆಲವು ಕಡೆ ಸತ್ತು ಪಾಚಿ ಹಿಡಿಯುತ್ತದೆ. ಹಳೆಯ ಫೋಟೋ ನಂಬಬೇಡಿ, ಇತ್ತೀಚೆಗೆ ಹೋದವರು ತೆಗೆದ ನೀರೊಳಗಿನ ಫೋಟೋ ನೋಡಿ. ಕೆಲವು ರೆಸಾರ್ಟ್‌ಗಳಲ್ಲಿ ಸಮುದ್ರ ಜೀವಶಾಸ್ತ್ರಜ್ಞರು ಇರುತ್ತಾರೆ. ನಾವು ಆರಿಸಿದ ಕಡೆ ಇದ್ದರು, ನನ್ನ ಪ್ರಶ್ನೆಗೆ ಅವರೇ ಉತ್ತರ ಬರೆದರು. ಯಾವ ಬದಿಯ ಹವಳ ಹಾಳಾಗಿದೆ, ಯಾವ ಬದಿ ಚೆನ್ನಾಗಿದೆ, ಹೊಸ ಹವಳ ಎಲ್ಲಿ ನೆಡುತ್ತಿದ್ದೇವೆ ಅಂತ ಬಿಚ್ಚಿ ಹೇಳಿದರು. ಆ ಪತ್ರ ಓದಿದ ಮೇಲೆ ನನ್ನ ಮನಸ್ಸು ಆ ದ್ವೀಪದ ಕಡೆ ವಾಲಿತು. ಇರುವುದನ್ನು ಇದ್ದ ಹಾಗೆ ಹೇಳುವವರ ಹತ್ತಿರ ಹೋಗಲು ಧೈರ್ಯ ಬರುತ್ತದೆ.

ಯಾವಾಗ ಹೋಗುವುದು ಅನ್ನುವುದನ್ನು ಮಗಳ ಶಾಲೆಯೇ ನಿರ್ಧರಿಸಿತು. ಮಾಲ್ಡೀವ್ಸ್‌ನಲ್ಲಿ ಎರಡು ಕಾಲ. ಇರುವೈ ಅನ್ನುವುದು ಈಶಾನ್ಯ ಗಾಳಿಯ ಒಣ ಕಾಲ, ಹುಳಂಗು ಅನ್ನುವುದು ನೈಋತ್ಯದ ಮಳೆಗಾಲ. ಸುಮಾರು ಮೇ ತಿಂಗಳಿಂದ ಅಕ್ಟೋಬರ್ ದಾಟುವವರೆಗೂ ಮಳೆ, ಗಾಳಿ. ಆಗ ಬೆಲೆ ಇಳಿಯುತ್ತದೆ, ಸ್ಪೀಡ್‌ಬೋಟ್ ಕುಣಿಯುತ್ತದೆ. ದಸರಾ ರಜೆಗೆ ಬೇಡ ಅಂತ ಬಿಟ್ಟು, ಏಪ್ರಿಲ್ ರಜೆ ಶುರುವಾದ ಕೂಡಲೇ ಹೋಗುವುದು ಅಂತ ಮಾಡಿದೆವು. ಡಿಸೆಂಬರ್ ಕೊನೆಗೆ ಹೋಗುವವರು ಒಂದು ವಿಷಯ ನೆನಪಿಡಿ. ಕ್ರಿಸ್‌ಮಸ್ ಮತ್ತು ಹೊಸ ವರ್ಷದ ರಾತ್ರಿ ‘ಗಾಲಾ ಡಿನ್ನರ್’ ಅಂತ ಬಹಳ ರೆಸಾರ್ಟ್‌ಗಳಲ್ಲಿ ಕಡ್ಡಾಯವಾಗಿ ಬೇರೆ ಹಣ ಹಾಕುತ್ತಾರೆ. ಆಲ್ ಇನ್‌ಕ್ಲೂಸಿವ್ ಇದ್ದರೂ ಕೊಡಬೇಕಾಗಬಹುದು.

ಅಮ್ಮನ ಊಟದ ಬಗ್ಗೆ ನಾನು ಬರೆದ ಮೇಲ್ ಎಲ್ಲದಕ್ಕಿಂತ ಉದ್ದ ಇತ್ತು. ‘ವೆಜಿಟೇರಿಯನ್ ಆಯ್ಕೆ ಇದೆ’ ಅನ್ನುವ ಉತ್ತರ ಸಾಲದು. ಮಾಲ್ಡೀವ್ಸ್‌ನ ಅಡುಗೆಯ ಜೀವಾಳ ಟ್ಯೂನಾ ಮೀನು. ಬೆಳಗಿನ ತಿಂಡಿಗೆ ಮಾಡುವ ಮಸ್ ಹುನಿಯಲ್ಲಿ ತೆಂಗಿನತುರಿ, ಈರುಳ್ಳಿ, ಮೆಣಸಿನಕಾಯಿ ಜೊತೆ ಮೀನು ಇರುತ್ತದೆ. ನೋಡಲು ನಮ್ಮ ಕಾಯಿ ಪಲ್ಯದ ಹಾಗೇ ಕಾಣುತ್ತದೆ. ಶ್ರೀಲಂಕಾದ ಶೈಲಿಯ ಸಾಂಬೋಲ್ ಎಂಬ ಕಾಯಿ ಚಟ್ನಿಯಲ್ಲೂ ಒಣಮೀನಿನ ಚೂರು ಹಾಕುವುದುಂಟು. ಹಾಗಾಗಿ ಮೀನು, ಮೊಟ್ಟೆ, ಮೀನಿನ ಸಾಸ್ ಯಾವುದೂ ಇಲ್ಲದ ಅಡುಗೆ, ಬೇರೆ ಸೌಟು, ದಿನಕ್ಕೆ ಒಂದು ಹೊತ್ತಾದರೂ ಅನ್ನ, ಬೇಳೆ, ಮೊಸರು, ಇಷ್ಟು ಬೇಕು ಅಂತ ಬರೆದೆ. ಮಾಲ್ಡೀವ್ಸ್ ರೆಸಾರ್ಟ್‌ಗಳಲ್ಲಿ ಭಾರತೀಯ ಬಾಣಸಿಗರು ಬಹಳ ಜನ ಇದ್ದಾರೆ. ಆ ಪತ್ರಕ್ಕೆ ಉತ್ತರ ಕೊಟ್ಟವರು ಕೇರಳದವರು. ‘ನಿಮ್ಮ ತಾಯಿಗೆ ಹುಳಿ ಬೇಕಾ, ಸಾರು ಬೇಕಾ ಹೇಳಿ’ ಅಂತ ಕೇಳಿದ್ದನ್ನು ಅಮ್ಮನಿಗೆ ಓದಿ ಹೇಳಿದಾಗ ಅವರ ಮುಖ ಅರಳಿತು. ಅಲ್ಲಿಯವರೆಗೂ ‘ನಾನು ಬರಲ್ಲಮ್ಮ, ನೀವೆಲ್ಲ ಹೋಗಿ ಬನ್ನಿ’ ಅನ್ನುತ್ತಿದ್ದವರು ಆವತ್ತೇ ಸೀರೆ ಯಾವುದು ಇಡಲಿ ಅಂತ ಕೇಳಿದರು.

ಅಮ್ಮ ಎಲ್ಲಿಗೆ ಹೋದರೂ ಪುಟ್ಟ ಗಣಪತಿ ಮೂರ್ತಿ ಜೊತೆಗಿರುತ್ತದೆ. ಮಾಲ್ಡೀವ್ಸ್‌ಗೆ ಪೂಜೆಯ ವಿಗ್ರಹ ತರುವಂತಿಲ್ಲ, ಮದ್ಯವನ್ನೂ ತರುವಂತಿಲ್ಲ. ಅಮ್ಮನಿಗೆ ಮೊದಲೇ ತಿಳಿಸಿ ಹೇಳಿದೆ. ‘ಶ್ಲೋಕ ಬಾಯಿಗೆ ಬರುತ್ತಲ್ಲ, ಸಾಕು’ ಅಂದರು. ವಿಮಾನ ನಿಲ್ದಾಣದ ಅಂಗಡಿಯಲ್ಲಿ ಬಾಟಲಿ ಕೊಳ್ಳಬೇಡಿ ಅಂತ ಗಂಡನಿಗೂ ಹೇಳಿದೆ. ವೀಸಾ ವಿಷಯ ಸುಲಭ. ಭಾರತೀಯ ಪ್ರವಾಸಿಗರು ಮೊದಲೇ ವೀಸಾ ಮಾಡಿಸಬೇಕಿಲ್ಲ, ಅದಕ್ಕೆ ಹಣವೂ ಇಲ್ಲ. ಹೊರಡುವ ಮುಂಚಿನ 96 ಗಂಟೆಯೊಳಗೆ ‘ಇಮುಗಾ’ ಎಂಬ ಸರ್ಕಾರಿ ತಾಣದಲ್ಲಿ ಪ್ರತಿಯೊಬ್ಬರ ವಿವರ ತುಂಬಬೇಕು, ವಾಪಸ್ ಬರುವಾಗಲೂ ತುಂಬಬೇಕು. ಅದಕ್ಕೆ ಹಣ ಇಲ್ಲ, ಹಣ ಕೇಳುವ ತಾಣ ಕಂಡರೆ ಮುಚ್ಚಿಬಿಡಿ.

ವಿಲ್ಲಾ ಯಾವುದು ಅನ್ನುವ ಚರ್ಚೆ ಬೇಗ ಮುಗಿಯಿತು. ನೀರಿನ ಮೇಲೆ ಕಂಬದ ಮೇಲಿರುವ ಮನೆಗಳೇ ಮಾಲ್ಡೀವ್ಸ್‌ನ ಗುರುತು. ಆದರೆ ಅವು ಉದ್ದನೆಯ ಸೇತುವೆಯ ಕೊನೆಯಲ್ಲಿ ಇರುತ್ತವೆ, ಊಟದ ಜಾಗದಿಂದ ದೂರ. ಕೆಲವು ಕಡೆ ಚಿಕ್ಕ ಮಕ್ಕಳನ್ನು ಬಿಡುವುದಿಲ್ಲ. ನಾವು ದಡದಲ್ಲಿ ಅಕ್ಕಪಕ್ಕದ ಎರಡು ಬೀಚ್ ವಿಲ್ಲಾ ಕೇಳಿದೆವು. ‘ಅಕ್ಕಪಕ್ಕ, ಊಟದ ಜಾಗಕ್ಕೆ ಹತ್ತಿರ, ಸ್ನಾನದ ಮನೆಯಲ್ಲಿ ಎತ್ತರದ ಮೆಟ್ಟಿಲು ಇಲ್ಲ’ ಅನ್ನುವ ಮೂರನ್ನೂ ಬುಕಿಂಗ್ ದೃಢೀಕರಣದಲ್ಲೇ ಬರೆಸಿಕೊಂಡೆ. ಬಾಯಿಮಾತು ಸಾಲದು.

ಬೆಂಗಳೂರಿನಿಂದ ನೇರ ವಿಮಾನದಲ್ಲಿ ಹೋಗಿ ಇಳಿದರೆ, ನಿಲ್ದಾಣದ ಬಾಗಿಲು ದಾಟಿದ ಕೂಡಲೇ ದೋಣಿಕಟ್ಟೆ. ಅಪ್ಪನ ಎರಡೂ ತೋಳು ಹಿಡಿದು ಇಬ್ಬರು ಹುಡುಗರು ದೋಣಿಗೆ ಇಳಿಸಿದರು. ಮೊದಲ ಬೆಳಿಗ್ಗೆ ಮಗಳು ದಡದ ಹತ್ತಿರವೇ ಮರಿ ಶಾರ್ಕ್‌ಗಳನ್ನು ಕಂಡಳು. ರೆಕ್ಕೆಯ ತುದಿಯಲ್ಲಿ ಕಪ್ಪು ಬಣ್ಣ ಇರುವ, ಮನುಷ್ಯರನ್ನು ಕಂಡರೆ ದೂರ ಸರಿಯುವ ಜಾತಿ. ಹೌಸ್ ರೀಫ್‌ಗೆ ಅವಳ ಜೊತೆ ಗೈಡ್ ಕೂಡ ಬಂದರು. ಲೈಫ್ ಜಾಕೆಟ್ ಹಾಕಿಸಿ, ಹವಳದ ಮೇಲೆ ಕಾಲು ಇಡಬಾರದು ಅಂತ ಮೊದಲೇ ಕಲಿಸಿದರು. ಜೀವಶಾಸ್ತ್ರಜ್ಞರು ಪತ್ರದಲ್ಲಿ ಬರೆದಂತೆಯೇ ಇತ್ತು. ಒಂದು ಬದಿಯಲ್ಲಿ ಬೂದು ಬಣ್ಣದ ಸತ್ತ ಹವಳ, ಇನ್ನೊಂದು ಬದಿಯಲ್ಲಿ ಗಿಳಿ ಮೀನು, ಚಿಟ್ಟೆ ಮೀನು, ಒಂದು ಆಮೆ. ಮೇಲೆ ಬಂದವಳು ಮೊದಲು ಕೇಳಿದ್ದು ಸತ್ತ ಹವಳದ ಬಗ್ಗೆಯೇ. ಆ ಸಂಜೆ ಅವಳೂ ಜೀವಶಾಸ್ತ್ರಜ್ಞರೂ ಕೂತು ಬಹಳ ಹೊತ್ತು ಮಾತಾಡಿದರು.

ಅಪ್ಪ ಎರಡನೇ ದಿನಕ್ಕೆ ಬೆಲೆ ಕೇಳುವುದನ್ನು ಬಿಟ್ಟರು. ಬೆಳಿಗ್ಗೆ ಆರಕ್ಕೆ ಕಾಫಿ ಬೇಕು ಅಂತ ಮೊದಲೇ ಬರೆದಿದ್ದಕ್ಕೆ ಫ್ಲಾಸ್ಕಿನಲ್ಲಿ ವಿಲ್ಲಾಕ್ಕೇ ಬರುತ್ತಿತ್ತು. ಹೊರಡುವ ದಿನ ಕೌಂಟರಿನಲ್ಲಿ ಬಿಲ್ ತರಿಸಿ ಅವರೇ ಓದಿದರು. ಅದರಲ್ಲಿ ಇದ್ದದ್ದು ಅಮ್ಮ ಮಾಡಿಸಿಕೊಂಡ ಕಾಲಿನ ಮಸಾಜ್ ಮತ್ತು ಮಗಳು ಕೊಂಡ ಒಂದು ಟೋಪಿ, ಎರಡೂ ನಮಗೆ ಗೊತ್ತಿದ್ದೇ. ಅಪ್ಪ ಕಾರ್ಡ್ ತಾವೇ ಕೊಟ್ಟರು. ಆಮೇಲೆ ಅಡುಗೆಯವರನ್ನು ನೋಡಿ ಬರೋಣ ಅಂತ ಅಮ್ಮನನ್ನು ಕರೆದುಕೊಂಡು ಒಳಗೆ ಹೋದರು. ದೋಣಿಗೆ ಇನ್ನೂ ಅರ್ಧ ಗಂಟೆ ಇತ್ತು.